ಶನಿವಾರ ಸಂಜೆ ಆರೂವರೆಯ ಆಟ

2023ರಲ್ಲಿ ನಾನು ಆಕ್ಲೆಂಡಿನ ದಕ್ಷಿಣಕ್ಕಿರುವ ತಕಾನಿನಿಯ ಹತ್ತಿರದ ಒಂದು ಕಾಲೇಜಿನಲ್ಲಿ ಹುಡುಗಿಯರ ಹಾಕಿ ತಂಡಕ್ಕೆ ಮ್ಯಾನೇಜರ್ ಆಗಿದ್ದೆ. ಇಲ್ಲಿ ಕಾಲೇಜು ಎಂದರೆ ನಮ್ಮ ಹೈಸ್ಕೂಲೇ. ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳು ಓದುತ್ತಾರೆ. ಮ್ಯಾನೇಜರ್ ಎಂದರೆ ಸಂಬಳದ ಹುದ್ದೆಯೂ ಅಲ್ಲ. ಈ ದೇಶದಲ್ಲಿ ಮಕ್ಕಳ ಆಟವೆಲ್ಲ ನಡೆಯುವುದು ಅಪ್ಪ ಅಮ್ಮಂದಿರ ಬಿಟ್ಟಿ ದುಡಿಮೆಯಿಂದ. ಆಟ ಹೇಳಿಕೊಡುವವರು ಕೋಚ್, ಮಿಕ್ಕಿದ್ದೆಲ್ಲ ಮ್ಯಾನೇಜರ್ ತಲೆಯ ಮೇಲೆ. ಯಾರ ಕಾರಿನಲ್ಲಿ ಯಾರು ಹೋಗಬೇಕು, ಹದಿನಾಲ್ಕು ಅಂಗಿ ಒಗೆದು ಒಣಗಿದವೇ, ಐಸ್ ಪ್ಯಾಕ್ ಫ್ರೀಜರಿನಲ್ಲಿದೆಯೇ, ಬಿಡುವಿನಲ್ಲಿ ಕೊಡಲು ಕಿತ್ತಳೆ ಹೆಚ್ಚಿದ್ದಾಯಿತೇ, ಲೀಗಿನವರು ಕಳಿಸಿದ ಫಾರಂ ತುಂಬಿದ್ದಾಯಿತೇ. ಹಣ ಎತ್ತಲು ಅಂಗಡಿಯ ಮುಂದೆ ಸಾಸೇಜ್ ಸುಟ್ಟು ಮಾರುವ ದಿನ ಈರುಳ್ಳಿ ಹುರಿಯುವುದೂ ನನ್ನ ಪಾಲಿಗೆ. ಸಾಸೇಜು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಯಾರೂ ಏನೂ ಅನ್ನಲಿಲ್ಲ. ಮದುವೆಯಾದ ಮೇಲೆ ಮನೆಯ ಹೊರಗೆ ನಾನು ಮಾಡಿದ ಕೆಲಸ ಇದೊಂದೇ. ಅದನ್ನು ನಾಲ್ಕು ವರ್ಷ ಮಾಡಿದೆ. ನಾಲ್ಕನೆಯ ವರ್ಷದಲ್ಲಿ ಆದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮತ್ತೆ ಕಲಿಸಿದ ಒಂದು ರೂಢಿ ನನಗಿದೆ. ಸಂಜೆ ದೀಪ ಹಚ್ಚಿದ ಮೇಲೆ, ಆ ದಿನ ದೇವರು ಮಾಡಿದ ಉಪಕಾರವನ್ನು ಬೆರಳು ಮಡಿಸುತ್ತ ಎಣಿಸುವುದು. ದೊಡ್ಡದೇ ಆಗಬೇಕೆಂದಿಲ್ಲ. ಮೋಟರ್‌ವೇ ಖಾಲಿ ಇತ್ತು, ಒಂದು. ಹಾಕಿದ ಹೆಪ್ಪು ಚೆನ್ನಾಗಿ ಮೊಸರಾಯಿತು, ಎರಡು. ಆ ನಾಲ್ಕು ವರ್ಷದಲ್ಲಿ ನಾನು ಮಡಿಸಿದ ಬೆರಳುಗಳಲ್ಲಿ ಅರ್ಧಪಾಲು ಮೆಲೆ ಎಂಬ ಹುಡುಗಿಯ ಹೆಸರಿನಲ್ಲಿಯೇ ಇರಬೇಕು.

ಮೆಲೆ ನಮ್ಮ ಗೋಲ್‌ಕೀಪರ್. ಟೋಂಗಾದವರ ಮನೆಯ ಹುಡುಗಿ, ಆಗ ಹದಿನಾರು ವರ್ಷ. ಅವಳ ತಾಯಿ ಲೋಸೆ ವೃದ್ಧರನ್ನು ನೋಡಿಕೊಳ್ಳುವ ರೆಸ್ಟ್ ಹೋಮಿನಲ್ಲಿ ಕೆಲಸಕ್ಕಿದ್ದರು. ಮೆಲೆ ಮಾತು ಕಡಿಮೆ, ಕಾಲು ಮಾತ್ರ ಮಿಂಚು. ಕೀಪರ್ ಕಾಲಿಗೆ ಕಟ್ಟುವ ದಪ್ಪ ಪ್ಯಾಡಿನ ಪಟ್ಟಿಗಳು ಹಿಂದುಗಡೆ ಬರುತ್ತವೆ. ತಾನೇ ಬಗ್ಗಿ ಬಿಗಿದುಕೊಂಡರೆ ಸಡಿಲವಾಗುತ್ತವೆಂದು ಪ್ರತಿ ಆಟಕ್ಕೂ ಮೊದಲು ನನ್ನ ಮುಂದೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ನಾನು ಮೊಣಕಾಲೂರಿ ಪಟ್ಟಿ ಬಿಗಿಯುತ್ತಾ ಬಾಯಲ್ಲೇ ಶ್ರೀನಿವಾಸನ ಹೆಸರು ಹೇಳುತ್ತಿದ್ದೆ. ಮೇಲೆ ಅವಳು ಕಣ್ಣು ಮುಚ್ಚಿ ಅವಳ ಪ್ರಾರ್ಥನೆ ಮಾಡುತ್ತಿದ್ದಳು. ಒಮ್ಮೆ ಕಣ್ಣು ತೆರೆದು, "ಆಂಟಿ, ಇವತ್ತು ಇಬ್ಬರಿಗೂ ಡ್ಯೂಟಿ ಹಾಕಿದ್ದೇವೆ. ನಿಮ್ಮವರು ಎಡಗಡೆ ಪೋಸ್ಟು, ನಮ್ಮವರು ಬಲಗಡೆ," ಅಂದಳು. ಅವತ್ತು ನಮ್ಮ ಮೇಲೆ ಒಂದು ಗೋಲೂ ಆಗಲಿಲ್ಲ.

ನಾವು ಆಡುತ್ತಿದ್ದದ್ದು ಆರು ಕಾಲೇಜುಗಳ ಒಂದು ಸಣ್ಣ ಲೀಗಿನಲ್ಲಿ. ಆಟ ಬುಧವಾರ, ಶಾಲೆ ಬಿಟ್ಟ ಮೇಲೆ. ಆ ವರ್ಷದ ಫೆಬ್ರವರಿಯಲ್ಲಿ ನಗರದ ದೊಡ್ಡ ಲೀಗಿನಿಂದ ಕಾಗದ ಬಂತು. ಅವರು ಎರಡನೆಯ ವಿಭಾಗ ಹೊಸದಾಗಿ ತೆರೆಯುತ್ತಿದ್ದಾರೆ, ನಮ್ಮ ತಂಡ ಬರಬಹುದು ಎಂದು. ಅಲ್ಲಿ ಒಳ್ಳೆಯ ಟರ್ಫ್, ಅಂದರೆ ಹಸಿರು ಹಾಸಿನ ಅಂಗಳ, ತರಬೇತಾದ ಅಂಪೈರುಗಳು, ಮುಖ್ಯವಾಗಿ, ಪ್ರಾಂತದ ತಂಡಕ್ಕೆ ಮಕ್ಕಳನ್ನು ಆರಿಸುವವರು ಬಂದು ನೋಡುವ ಜಾಗ. ಆದರೆ ಎರಡು ಮಾತುಗಳಿದ್ದವು. ಒಮ್ಮೆ ಹಳೆಯ ಲೀಗ್ ಬಿಟ್ಟರೆ ಎರಡು ಸೀಸನ್ ವಾಪಸು ಸೇರಿಸಿಕೊಳ್ಳುವುದಿಲ್ಲ. ಇನ್ನೊಂದು, ದೊಡ್ಡ ಲೀಗಿನ ಆಟವೆಲ್ಲ ಶನಿವಾರ.

ಮೆಲೆ ಶನಿವಾರ ಆಡುವುದಿಲ್ಲ. ಅವರ ಚರ್ಚಿನಲ್ಲಿ ಶನಿವಾರವೇ ದೇವರ ದಿನ, ವಿಶ್ರಾಂತಿಯ ದಿನ. ಹಿಂದಿನ ವರ್ಷ ಒಂದು ಶನಿವಾರದ ಟೂರ್ನಮೆಂಟಿಗೆ ಕರೆದಾಗ, "ನಾನು ಶನಿವಾರ ಆಡೋದಿಲ್ಲ ಆಂಟಿ" ಎಂದಷ್ಟೇ ಹೇಳಿದ್ದಳು. ಅಷ್ಟಕ್ಕೇ ಎಲ್ಲರಿಗೂ ತಿಳಿದಿತ್ತು. ತಿಳಿದಿದೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಆ ವರ್ಷ ಅವಳಿಗೆ ಇನ್ನೊಂದು ವಿಷಯವೂ ಇತ್ತು. ಜುಲೈನಲ್ಲಿ ಪ್ರಾಂತದ ಹದಿನೆಂಟು ವರ್ಷದೊಳಗಿನವರ ತಂಡಕ್ಕೆ ಟ್ರಯಲ್, ಅಂದರೆ ಆಯ್ಕೆಯ ಆಟ. ಅವಳನ್ನು ನೋಡಿದ್ದ ಒಬ್ಬ ಕೋಚ್, ಬಾ ಎಂದಿದ್ದರು. ಆದರೆ ಆ ಸೀಸನ್ನಿನಲ್ಲಿ ಯಾವುದಾದರೂ ಲೀಗಿನಲ್ಲಿ ಆಡುತ್ತಿರುವವರಿಗೆ ಮಾತ್ರ ಟ್ರಯಲ್. ನಾವು ಹಳೆಯ ಲೀಗಿನಲ್ಲಿ ಉಳಿದರೆ ಅವಳಿಗೆ ಅವಕಾಶ. ಹೋದರೆ ಇಲ್ಲ.

ಲೀಗ್ ಬದಲಿಸುವ ಫಾರಮ್ಮಿನಲ್ಲಿ ಮೂವರು ಹೌದು ಅಥವಾ ಬೇಡ ಎಂದು ಹೇಳಬೇಕು: ಕೋಚ್, ಮ್ಯಾನೇಜರ್, ಪೋಷಕರ ಪರವಾಗಿ ಒಬ್ಬರು. ಮೂವರಲ್ಲಿ ಇಬ್ಬರು ಎಂದದ್ದೇ ತೀರ್ಮಾನ. ಕೋಚ್ ಟ್ರೇಸಿ ಕಾಲೇಜಿನ ವ್ಯಾಯಾಮದ ಟೀಚರ್, ಇಲ್ಲಿಯವರೇ. ಪೋಷಕರ ಪರ ಬಸವರಾಜ್. ಹುಬ್ಬಳ್ಳಿಯವರು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅವರ ಮಗಳು ಸಹನಾ ನಮ್ಮ ಫಾರ್ವರ್ಡ್, ಗೋಲು ಹೊಡೆಯುವವಳು.

ಮಾರ್ಚಿನ ಒಂದು ಮಂಗಳವಾರ ಸ್ಟಾಫ್‌ರೂಮಿನಲ್ಲಿ ಮೂವರೂ ಕೂತೆವು. ಟ್ರೇಸಿ ಚಹಾ ಮಾಡಲು ಎದ್ದಾಗ ಬಸವರಾಜ್ ನನ್ನ ಕಡೆ ಬಾಗಿದರು.

"ಅಕ್ಕಾರ, ನಮ್ಮ ಬುಧವಾರದ ಆಟ ಯಾರ್ ನೋಡ್ತಾರ್ರೀ? ಬಾಜೂ ಹುಲ್ಲುಗಾವಲದಾಗ ಎರಡು ಕುದುರಿ ಅದಾವ, ಅವು ನೋಡ್ತಾವ. ಅವೂ ಅರ್ಧಕ್ಕ ಎದ್ದ್ ಹೋಗ್ತಾವ."

"ಕುದುರೆ ಕೂತಿದ್ದನ್ನ ನೀವು ಯಾವಾಗ ನೋಡಿದ್ರಿ, ಎದ್ದು ಹೋಗೋಕೆ?" ಅಂದೆ.

"ಚ್ಯಾಷ್ಟಿ ಬ್ಯಾಡ್ರೀ. ಹ್ವಾದ ವರ್ಷ ನಮ್ಮ ಸಹನಾ ಇಪ್ಪತ್ತೆರಡು ಗೋಲ್ ಹೊಡದಾಳ. ಯಾರಿಗ್ ಗೊತ್ತೈತಿ? ನನಗ, ನಿಮಗ, ಆ ಕುದುರಿಗೆ. ಇದು ಆಕಿದು ಕಡೀ ವರ್ಷ ಅಕ್ಕಾರ. ಒಬ್ಬಾಕಿ ಸಲುವಾಗಿ ಹದಿಮೂರು ಮಂದಿ ಹುಡುಗ್ಯಾರು ಕುಂದರಬೇಕೇನು?"

ಅವರು ಕೆಟ್ಟ ಮನುಷ್ಯರಲ್ಲ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದವರು. ಅದೇ ತಂಡದಲ್ಲಿ ಆಡುತ್ತಿದ್ದ ನನ್ನ ಮಗಳು ಅನನ್ಯಳೂ ಹೋಗೋಣ ಎನ್ನುತ್ತಿದ್ದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ: "ಮಮ್, ಎವ್ರಿವನ್ ವಾಂಟ್ಸ್ ಟು ಗೋ."

ಟ್ರೇಸಿ ಚಹಾ ಇಟ್ಟು, ತಾನು ಬೇಡ ಎನ್ನುತ್ತೇನೆ ಎಂದರು. "ಮೆಲೆ ಇಲ್ಲದೆ ಆ ಲೀಗಿಗೆ ಹೋದರೆ ನಾವು ತಂಡವಲ್ಲ, ಹತ್ತು ಹುಡುಗಿಯರು ಮತ್ತು ಒಂದು ತೆರೆದ ಬಾಗಿಲು." ಬಸವರಾಜ್ ಹೌದು ಅಂದರು. ಇಬ್ಬರೂ ನನ್ನ ಮುಖ ನೋಡಿದರು. ಶುಕ್ರವಾರದೊಳಗೆ ಹೇಳುತ್ತೇನೆ ಎಂದೆ.

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಅಷ್ಟು ಮಾತಾಡಿದೆವು, ಲೋಸೆ ಅವರ ಮನೆಗೆ ಹೋಗಿ ಕೇಳೋಣ ಎಂದು ಮೂವರಲ್ಲಿ ಒಬ್ಬರೂ ಅನ್ನಲಿಲ್ಲ. ಟ್ರೇಸಿಗೆ ಇನ್ನೊಬ್ಬರ ಧರ್ಮದ ಬಗ್ಗೆ ಕೇಳುವುದು ಸಭ್ಯತೆಯಲ್ಲ ಎಂಬ ಸಂಕೋಚ. ನನ್ನದು ಬೇರೆ. ನಾನೂ ಶನಿವಾರದವಳು. ಹದಿನೆಂಟು ವರ್ಷದಿಂದ ಶನಿವಾರ ಒಪ್ಪೊತ್ತು ಊಟ; ಸಂಜೆ ಆರೂವರೆಗೆ ನಮ್ಮ ಮನೆಯಲ್ಲಿ ಏಳೆಂಟು ಹೆಂಗಸರು ಸೇರಿ ಭಜನೆ. ಯಾರಾದರೂ ಬಂದು, ಈ ಒಂದು ಶನಿವಾರ ಊಟ ಮಾಡಿಬಿಡಿ ಎಂದರೆ ನನಗೆ ಎಷ್ಟು ಕಸಿವಿಸಿ ಎಂದು ನನಗೇ ಗೊತ್ತು. ಆ ಕಸಿವಿಸಿಯನ್ನು ಇನ್ನೊಬ್ಬ ದೈವಭಕ್ತೆಗೆ ಕೊಡಬಾರದು ಎಂದುಕೊಂಡೆ. ವ್ರತ ಎಂದ ಮೇಲೆ ಮುಗಿಯಿತು, ಅದರ ಬಗ್ಗೆ ಪ್ರಶ್ನೆಯೇ ಇಲ್ಲ. ಇದನ್ನು ನಾನು ಗೌರವ ಎಂದೇ ತಿಳಿದಿದ್ದೆ.

ಹಾಗಾಗಿ ಮನುಷ್ಯರನ್ನು ಕೇಳುವುದು ಬಿಟ್ಟು ದೇವರನ್ನು ಕೇಳಿದೆ.

ನಮ್ಮ ಕಡೆ ಹೂ ಕೇಳುವ ಪದ್ಧತಿ ಇದೆ. ದೇವರ ಮೇಲೆ ಒದ್ದೆ ಹೂವಿಟ್ಟು, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಾಯುವುದು. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡವೆಂದು. ನನ್ನ ಮದುವೆಗೆ, ಈ ದೇಶಕ್ಕೆ ಬರುವುದಕ್ಕೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಹೂ ಕೇಳಿಯೇ ಹೆಜ್ಜೆ ಇಟ್ಟದ್ದು. ಗುರುವಾರ ಬೆಳಗ್ಗೆ ಸ್ನಾನ ಮಾಡಿ, ಬೇಲಿಯ ದಾಸವಾಳ ತಂದು, ಶ್ರೀನಿವಾಸನ ಪಟದ ನೆತ್ತಿಯ ಮೇಲೆ ಇಟ್ಟು ಕೂತೆ. ದೊಡ್ಡ ಲೀಗಿಗೆ ಹೋಗುವುದಾದರೆ ಬಲಕ್ಕೆ ಕೊಡು ತಂದೆ. ಐದು ನಿಮಿಷವೂ ಆಗಿರಲಿಲ್ಲ. ಹೂ ಒಂದು ಸಲ ನಡುಗಿ, ಬಲಗಡೆಗೆ ಜಾರಿ ಬಿತ್ತು.

ನಮ್ಮ ಯಜಮಾನರು ರಘು, ಇಂಜಿನಿಯರು, ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನೋಡಿದರು.

"ಹೂ ಬಿತ್ತಾ?"

"ಬಲಕ್ಕೆ."

"ಬೀಳ್ದೆ ಏನು ಮಾಡತ್ತೆ? ಎಡಗಡೆ ಗೋಡೇಲಿ ಹೀಟ್ ಪಂಪು ಫುಲ್ ಸ್ಪೀಡಲ್ಲಿದೆ. ಸೆಕೆ ಅಂತ ನಾನೇ ಕೂಲಿಂಗ್‌ಗೆ ಹಾಕಿದೀನಿ."

"ನಿಮ್ಮ ಕೈಯಲ್ಲಿ ಹಾಕ್ಸಿದ್ದು ಯಾರು? ಅವನೇ," ಅಂದು ಅಡುಗೆಮನೆಗೆ ಹೋದೆ. ಮಧ್ಯಾಹ್ನದವರೆಗೆ ಅವರ ಹತ್ತಿರ ಮಾತಾಡಲಿಲ್ಲ. ಹೂ ಎಡಕ್ಕೆ ಬಿದ್ದಿದ್ದರೆ ಹೀಟ್ ಪಂಪ್, ಅಂದರೆ ಇಲ್ಲಿಯ ಏಸಿ, ಆರಿಸಿ ಇನ್ನೊಮ್ಮೆ ಕೇಳುತ್ತಿದ್ದೆನೋ ಏನೋ. ಮಗಳಿಗೂ ಬೇಕಾಗಿದ್ದ ಉತ್ತರ ಬಂದಿತ್ತು, ಅಷ್ಟಕ್ಕೇ ಕೈಮುಗಿದೆ. ಶುಕ್ರವಾರ ಫಾರಮ್ಮಿನಲ್ಲಿ ನನ್ನ ಹೆಸರಿನ ಮುಂದೆ ಹೌದು ಎಂದು ಬರೆದೆ.

ಟ್ರೇಸಿ ಜಗಳ ಮಾಡಲಿಲ್ಲ. "ಸರಿ ಸುಮಾ, ಆದರೆ ಮೆಲೆಗೆ ನೀವೇ ಹೇಳಿ," ಅಂದರು.

ಹೇಳಿದೆ. ಸೋಮವಾರ, ಶಾಲೆಯ ಕಾರ್ ಪಾರ್ಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ನಾನು ಹದಿಮೂರು ಮಕ್ಕಳ ಭವಿಷ್ಯ ಅದು ಇದು ಎಂದು ತುಂಬ ಮಾತಾಡಿದೆ. ಅವಳು ನೆಲ ನೋಡುತ್ತಾ ಕೇಳಿ, "ಇಟ್ಸ್ ಓಕೆ, ಆಂಟಿ," ಅಂದಳು. ಆಮೇಲೆ, "ಅಂಗಿ ನಾಳೆ ತಂದುಕೊಡಲಾ?" ಎಂದು ಕೇಳಿದಳು. ಕೀಪರಿನ ಹಳದಿ ಅಂಗಿ, ಒಂದನೇ ನಂಬರು, ಅವಳ ಮನೆಯಲ್ಲೇ ಇತ್ತು. ನಾಚಿಕೆಯಾಗಿ, ಇರಲಿ ಮಗಳೇ, ನಿನ್ನ ಹತ್ತಿರವೇ ಇರಲಿ ಎಂದೆ. ಅವತ್ತು ಸಂಜೆ ದೀಪದ ಮುಂದೆ, ಹುಡುಗಿ ಅಳಲಿಲ್ಲ ಎಂದು ಒಂದು ಬೆರಳು ಮಡಿಸಿದೆ. ಅದನ್ನು ಉಪಕಾರದ ಲೆಕ್ಕಕ್ಕೆ ಹಿಡಿದದ್ದು ಸರಿಯೇ ಎಂದು ಈಗಲೂ ಅನುಮಾನವಾಗುತ್ತದೆ.

ಅದಕ್ಕೂ ಮೊದಲು, ಕಾರ್ ಪಾರ್ಕಿನಿಂದ ಮನೆಗೆ ಬಂದಾಗ, ಅನನ್ಯ ಬಾಗಿಲಲ್ಲೇ ನಿಂತಿದ್ದಳು. "ವಾಟ್ ಡಿಡ್ ಮೆಲೆ ಸೇ?" ಪರವಾಗಿಲ್ಲ ಅಂದಳು ಎಂದೆ. "ಡಿಡ್ ಯೂ ಈವನ್ ಆಸ್ಕ್ ಹರ್ ಎನಿಥಿಂಗ್, ಮಮ್? ಆರ್ ಡಿಡ್ ಯೂ ಜಸ್ಟ್ ಟೆಲ್ ಹರ್?" ಎಂದು ರೂಮಿಗೆ ಹೋದಳು. ಹೋಗೋಣ ಎಂದವಳು ಅವಳೇ. ಆದರೂ ಆ ಪ್ರಶ್ನೆ ಅವಳಿಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ.

ಏಪ್ರಿಲ್‌ನಲ್ಲಿ ದೊಡ್ಡ ಲೀಗಿನಿಂದ ಇನ್ನೊಂದು ಫಾರಂ ಬಂತು, ಕಂಪ್ಯೂಟರಿನಲ್ಲೇ ತುಂಬುವಂಥದ್ದು. ಯಾವ ತಂಡ ಯಾವ ಹೊತ್ತಿಗೆ ಆಡಬೇಕು ಎಂಬ ಪಟ್ಟಿಗೆ ಇಲ್ಲಿ ಡ್ರಾ ಎನ್ನುತ್ತಾರೆ. ಅದನ್ನು ಮಾಡುವ ಮೊದಲು ತಂಡಗಳಿಗೆ ಬೇಕಾದ ಸಮಯ ಕೇಳುತ್ತಾರೆ. ನಾಲ್ಕು ಹೊತ್ತುಗಳಿದ್ದವು: ಬೆಳಗ್ಗೆ ಒಂಬತ್ತು, ಹನ್ನೊಂದು, ಮಧ್ಯಾಹ್ನ ಒಂದೂವರೆ, ಸಂಜೆ ಆರೂವರೆ. ಆರೂವರೆಯ ಆಟ ಯಾರಿಗೂ ಬೇಡ. ಚಳಿ, ಕತ್ತಲು, ಕಂಬದ ದೀಪದ ಕೆಳಗೆ ಆಡಬೇಕು. ಆ ಹೊತ್ತನ್ನು ಕೇಳಿದ ತಂಡಕ್ಕೆ ಸೀಸನ್ ಪೂರ್ತಿ ಅದನ್ನೇ ಕೊಡುತ್ತೇವೆ ಎಂದು ಕೆಳಗೆ ಬರೆದಿದ್ದರು, ಬೇಡಿಕೊಂಡ ಹಾಗೆ. ನನಗೆ ಆರೂವರೆಗೆ ಮನೆಯಲ್ಲಿ ಭಜನೆ. ಒಂಬತ್ತು ಮತ್ತು ಹನ್ನೊಂದಕ್ಕೆ ಗುರುತು ಹಾಕಿ, ಆರೂವರೆಯ ಮುಂದೆ ಸಾಧ್ಯವಿಲ್ಲ ಎಂದು ಒತ್ತಿದೆ. ಎರಡು ನಿಮಿಷದ ಕೆಲಸ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಮೇ ತಿಂಗಳಲ್ಲಿ ಆಟ ಶುರುವಾಯಿತು. ಕೀಪರ್ ಯಾರು ಎಂದಾಗ ಯಾವ ಹುಡುಗಿಯೂ ಮುಂದೆ ಬರಲಿಲ್ಲ. ಕೀಪರ್ ಆಗುವುದಕ್ಕೆ ಧೈರ್ಯ ಬೇಕು. ನಮ್ಮಲ್ಲಿ ಚೆಂಡಿಗೆ ಹೆದರದ ಇನ್ನೊಬ್ಬ ಹುಡುಗಿ ಎಂದರೆ ಸಹನಾ ಒಬ್ಬಳೇ. ಗೋಲು ಹೊಡೆಯುವವಳನ್ನೇ ಗೋಲಿನಲ್ಲಿ ನಿಲ್ಲಿಸಿದೆವು. ಹಳೆಯ ಗುಲಾಬಿ ಅಂಗಿ ತೊಟ್ಟಳು. ಅವಳ ಪ್ಯಾಡಿನ ಪಟ್ಟಿಯನ್ನೂ ನಾನೇ ಬಿಗಿದೆ.

ಮೊದಲ ಆಟ ಸೊನ್ನೆ–ಒಂಬತ್ತು. ಎರಡನೆಯದು ಸೊನ್ನೆ–ಹನ್ನೊಂದು. ಗೋಲು ಹೊಡೆಯುವವಳು ಹಿಂದೆ, ತಡೆಯುವವಳು ಮನೆಯಲ್ಲಿ. ಆರಿಸುವವರು ಎರಡು ಸಲ ಬಂದಿದ್ದರು. ಎದುರು ತಂಡದ ಮಕ್ಕಳ ಹೆಸರು ಬರೆದುಕೊಂಡು ಹೋದರು.

ಬಸವರಾಜ್ ಬೇಲಿಯ ಹತ್ತಿರ ನನ್ನ ಪಕ್ಕಕ್ಕೆ ಬಂದರು. "ಮಗಳನ್ನ ನಾಕ್ ಮಂದಿ ನೋಡ್ಲಿ ಅಂತ ಇಲ್ಲಿಗೆ ತಂದೆ ಅಕ್ಕಾರ. ಈಗ ಹೆಲ್ಮೆಟ್ಟಿನ್ಯಾಗ ಆಕಿ ಮಾರೀನ ಕಾಣವಲ್ದು." ನಾನು ಕಿತ್ತಳೆಯ ಡಬ್ಬಿ ಮುಂದೆ ಹಿಡಿದೆ. ಒಂದು ಹೋಳು ತೆಗೆದುಕೊಂಡರು. ತಿನ್ನಲಿಲ್ಲ, ಕೈಯಲ್ಲೇ ಇಟ್ಟುಕೊಂಡು ನಿಂತರು.

ಜುಲೈ ತಿಂಗಳ ಟ್ರಯಲ್ ಬಂತು, ಹೋಯಿತು. ಮೆಲೆಗೆ ಆಡುವ ಲೀಗಿಲ್ಲ, ಕರೆಯಲಿಲ್ಲ. ಸಹನಾಳನ್ನು ಕರೆದರು, ಆದರೆ ಕೀಪರ್ ಎಂದು ಕರೆದರು. ಅವಳು ಹೋಗಲಿಲ್ಲ.

ಸೋಲುವ ತಂಡದಿಂದ ಮಕ್ಕಳು ಜಾರುವುದು ಹೇಗೆ ಎಂದು ಆ ಚಳಿಗಾಲದಲ್ಲಿ ಕಲಿತೆ. ಯಾರೂ ಬಿಟ್ಟೆ ಎಂದು ಹೇಳುವುದಿಲ್ಲ. ಒಬ್ಬಳಿಗೆ ಡೇರಿಯಲ್ಲಿ, ಅಂದರೆ ಮೂಲೆಯಂಗಡಿಯಲ್ಲಿ, ಶನಿವಾರದ ಕೆಲಸ ಸಿಕ್ಕಿತು. ಒಬ್ಬಳ ಮೊಣಕಾಲು ವಾಸಿಯಾಗಲೇ ಇಲ್ಲ. ಇಬ್ಬರಿಗೆ ಪರೀಕ್ಷೆ. ಶುಕ್ರವಾರ ಸಂಜೆ ನನ್ನ ಫೋನು ಟಿಂಗ್ ಎಂದರೆ ಇನ್ನೊಬ್ಬಳು ಬರುವುದಿಲ್ಲ ಎಂದೇ ಅರ್ಥ. ಏಳು ಜನರಿಲ್ಲದಿದ್ದರೆ ಆಟವಿಲ್ಲ. ಅದಕ್ಕೆ ಡಿಫಾಲ್ಟ್ ಎಂದು ಹೆಸರು. ಮೂರು ಡಿಫಾಲ್ಟ್ ಆದರೆ ತಂಡವನ್ನು ಲೀಗಿನಿಂದ ತೆಗೆಯುತ್ತಾರೆ. ಆಗಸ್ಟಿನ ಎರಡನೆಯ ವಾರ ಬೆಳಗಿನ ಮಂಜಿನಲ್ಲಿ ಟರ್ಫಿನ ಪಕ್ಕ ಆರು ಹುಡುಗಿಯರು ನಿಂತಿದ್ದರು. ಏಳನೆಯವಳು ಬರುತ್ತಾಳೆಂದು ಒಂಬತ್ತೂಕಾಲಿನವರೆಗೆ ಕಾದೆವು. ಅಂಪೈರ್ ಗಡಿಯಾರ ತೋರಿಸಿದರು. ಅದು ಮೂರನೆಯದು. ಟ್ರೇಸಿ ಮಕ್ಕಳನ್ನು ಕಾರಿಗೆ ಕಳಿಸಿ, ಮೂಲೆಯಲ್ಲಿ ನಿಂತು ಮೂಗು ಒರೆಸಿಕೊಂಡರು. ನಾನು ಹೆಚ್ಚಿ ತಂದಿದ್ದ ಕಿತ್ತಳೆಯನ್ನು ಎದುರು ತಂಡಕ್ಕೆ ಕೊಟ್ಟು ಬಂದೆ.

ಆ ಸಂಜೆ ದೀಪ ಹಚ್ಚಿ ಕೂತಾಗ, ಯಾರಿಗೂ ಪೆಟ್ಟಾಗಲಿಲ್ಲ ಎಂದು ಒಂದು ಬೆರಳು ಮಡಿಸಿದೆ. ಎರಡನೆಯದಕ್ಕೆ ಏನೂ ತೋಚಲಿಲ್ಲ.

ತಂಡ ಮುಗಿದರೂ ಮ್ಯಾನೇಜರ್ ಕೆಲಸ ಮುಗಿಯುವುದಿಲ್ಲ. ಅಂಗಿಗಳನ್ನೆಲ್ಲ ಎಣಿಸಿ ಕಾಲೇಜಿಗೆ ಒಪ್ಪಿಸಬೇಕು. ಹದಿಮೂರು ಬಂದಿದ್ದವು, ಮೆಲೆಯ ಹಳದಿ ಅಂಗಿ ಒಂದು ಬಾಕಿ. ಎರಡು ವಾರ ಮುಂದೆ ಹಾಕಿದೆ. ಕೊನೆಗೆ ಆಗಸ್ಟಿನ ಕೊನೆಯ ಶನಿವಾರ, ಭಜನೆಗೆ ಹೂ ತರಲು ಹೊರಟವಳು, ಅವರ ಮನೆ ದಾರಿಯಲ್ಲೇ ಇದೆಯಲ್ಲ, ಎರಡು ನಿಮಿಷ ಇಳಿದು ತಂದುಬಿಡೋಣ ಎಂದು ಕಾರು ನಿಲ್ಲಿಸಿದೆ. ಐದೂ ಮುಕ್ಕಾಲು ಆಗಿತ್ತು. ಬಾಗಿಲ ಮುಂದೆ ಚಪ್ಪಲಿಗಳ ಸಾಲು. ಶನಿವಾರ ಅವರ ದಿನ, ಬರಬಾರದಿತ್ತು ಎಂದು ಹೊಳೆದದ್ದು ಬಾಗಿಲು ತಟ್ಟಿದ ಮೇಲೆ.

ಲೋಸೆ ಬಾಗಿಲು ತೆರೆದರು. ಒಳಗೆ ಹತ್ತು ಹನ್ನೆರಡು ಜನ ಕೂತು ಹಾಡುತ್ತಿದ್ದರು. ಅಂಗಿಯ ವಿಷಯ ಶುರು ಮಾಡುವ ಮೊದಲೇ ಅವರು ನನ್ನ ತೋಳು ಹಿಡಿದು, "ಬನ್ನಿ, ಕೂತುಕೊಳ್ಳಿ, ಇನ್ನು ಹತ್ತೇ ನಿಮಿಷ. ಸೂರ್ಯ ಮುಳುಗುತ್ತಿದ್ದಾನೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಒಂದು ಕುರ್ಚಿಯಲ್ಲಿ ಕೂರಿಸಿದರು. ನನಗೆ ಅದರ ಅರ್ಥವಾಗಲಿಲ್ಲ. ಕೂತೆ. ಹಾಡಿನ ಮಾತು ತಿಳಿಯದಿದ್ದರೂ ನಾಲ್ಕು ದನಿ ಸೇರಿ ಏರುವಾಗ ಕಣ್ಣು ತುಂಬಿ ಬಂತು. ಮೆಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಪ್ಯಾಡ್ ಕಟ್ಟಿಸಿಕೊಳ್ಳುವಾಗಿನ ಅದೇ ಮುಖ. ಕಿಟಕಿಯ ಹೊರಗೆ ಬೆಳಕು ಕೆಂಪಾಗಿ, ಬೂದಿಯಾಗಿ ಆರಿತು. ಒಬ್ಬ ಹಿರಿಯರು ಪ್ರಾರ್ಥನೆ ಹೇಳಿದರು. ಎಲ್ಲರೂ ಆಮೆನ್ ಅಂದರು.

ಮರುಕ್ಷಣ ಮನೆ ಗಲಗಲ ಎಂದಿತು. ಯಾರೋ ಕೆಟಲ್ ಹಾಕಿದರು, ಯಾರೋ ಟಿವಿ ಹಚ್ಚಿದರು. ಲೋಸೆ ಕೈ ಚಪ್ಪಾಳೆ ತಟ್ಟಿ, "ಸರಿ, ಸಬ್ಬತ್ ಮುಗಿಯಿತು. ಮೆಲೆ, ಷೂ ಎಲ್ಲಿ? ಲೇಟಾಗ್ತಿದೆ," ಅಂದರು. ಮೆಲೆ ಒಳಗೆ ಓಡಿ ಎರಡು ನಿಮಿಷದಲ್ಲಿ ಶಾರ್ಟ್ಸು, ಆಟದ ಷೂ ಹಾಕಿಕೊಂಡು ಬಂದಳು.

"ಎಲ್ಲಿಗೆ?" ಎಂದೆ.

"ವಾಲಿಬಾಲ್, ಆಂಟಿ. ಚರ್ಚ್ ಹಾಲಿನಲ್ಲಿ. ಪ್ರತಿ ಶನಿವಾರ ಆರೂವರೆಗೆ."

"ಶನಿವಾರ ನೀನು ಆಡಲ್ಲ ಅಂದಿದ್ದೆಯಲ್ಲ ಮೆಲೆ."

"ಶನಿವಾರ ಆಡಲ್ಲ. ಇದು ಸೂರ್ಯ ಮುಳುಗಿದ ಮೇಲೆ ತಾನೆ." ಇಷ್ಟೂ ಗೊತ್ತಿಲ್ಲವೇ ಎಂಬಂತೆ ನಕ್ಕಳು. ಆಮೇಲೆ ಲೋಸೆ ಚಹಾ ಕೈಗಿಟ್ಟು ವಿವರಿಸಿದರು. ಅವರ ದಿನ ಶುಕ್ರವಾರದ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರದ ಸೂರ್ಯಾಸ್ತಕ್ಕೆ ಮುಗಿಯುತ್ತದೆ. ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುವುದರಿಂದ ಮಕ್ಕಳಿಗೆ ಸಂಜೆಯೆಲ್ಲ ಆಟವೇ. "ಹಾಕಿ ಬೆಳಗ್ಗೆ ಮಾತ್ರ ಅಲ್ಲವಾ? ಡ್ರಾ ನೋಡಿದೆವು, ನಿಮ್ಮದೆಲ್ಲ ಒಂಬತ್ತು, ಹನ್ನೊಂದು. ಸಂಜೆ ಇದ್ದಿದ್ದರೆ ನಾನೇ ಕರೆದುಕೊಂಡು ಬರುತ್ತಿದ್ದೆ," ಅಂದರು.

ನಾನು ಚಹಾ ಲೋಟ ಕೆಳಗಿಟ್ಟೆ. ಆರೂವರೆಯ ಆಟ ಇತ್ತು ಎಂದು ಅವರಿಗೆ ಗೊತ್ತಿರಲಿಲ್ಲ. ಅವರ ಶನಿವಾರ ಸಂಜೆಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ಮನೆಗಳ ನಡುವೆ ಮೂರು ಬೀದಿ. ಲೀಗಿನವರು ಬೇಡಿಕೊಂಡು ಕೊಡಲು ಬಂದ ಹೊತ್ತನ್ನು, ಭಜನೆ ಇದೆ ಎಂದು ಸಾಧ್ಯವಿಲ್ಲ ಎಂದವಳು ನಾನು. ಅದೇ ಬಾಯಲ್ಲಿ, ಅವರ ವ್ರತವನ್ನು ಗೌರವಿಸಿದೆ ಎಂದುಕೊಂಡವಳೂ ನಾನೇ.

ಅದನ್ನು ಲೋಸೆಗೆ ಹೇಳಿದೆ. ಮುಚ್ಚಿಡಲು ಆಗಲಿಲ್ಲ. ಹೂ ಕೇಳಿದ್ದು, ಫಾರಂ ತುಂಬಿದ್ದು, ಎಲ್ಲ ಹೇಳಿದೆ. ಬಾಗಿಲಲ್ಲಿ ಮೆಲೆ ಕಾರಿನ ಕೀ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಗು ಮುಖದಿಂದ ಹೋಗಿತ್ತು.

"ಆಂಟಿ," ಎಂದಳು, ನಿಧಾನವಾಗಿ. "ನನ್ನನ್ನ ಕೇಳಬಹುದಿತ್ತಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು. ಒಳಗೆ ಹೋಗಿ ಹಳದಿ ಅಂಗಿ ತಂದಳು. ಒಗೆದು, ಇಸ್ತ್ರಿ ಮಾಡಿ, ನಂಬರು ಮೇಲೆ ಬರುವಂತೆ ಮಡಿಸಿದ್ದಳು. ನನ್ನ ಕೈಗೆ ಕೊಟ್ಟು ವಾಲಿಬಾಲಿಗೆ ಹೋದಳು.

ಆ ಹೊತ್ತಿಗೆ ನನ್ನ ಫೋನು ಮೂರನೆಯ ಸಲ ಹೊಡೆದುಕೊಳ್ಳುತ್ತಿತ್ತು. ರಘು. "ಎಲ್ಲಿದೀಯೇ? ಹೆಂಗಸರೆಲ್ಲ ಬಂದು ಕೂತಿದಾರೆ."

"ನೀವೇ ದೀಪ ಹಚ್ಚಿಬಿಡಿ," ಅಂದೆ.

ಅವತ್ತು ಭಜನೆ ನಾನಿಲ್ಲದೆ ನಡೆಯಿತು. ಮನೆಗೆ ಬಂದಾಗ ಹೆಂಗಸರು ಮಂಗಳಾರತಿ ಮುಗಿಸಿ, ಪ್ರಸಾದ ಹಂಚಿ, ನನಗೆ ಒಂದು ಬಟ್ಟಲಿನಲ್ಲಿ ಮುಚ್ಚಿಟ್ಟಿದ್ದರು. ಏನೂ ಕಡಿಮೆಯಾಗಿರಲಿಲ್ಲ. ನನಗೆ ತಡೆಯಲಾಗದೆ ಹೋದದ್ದು ಅದೇ. ಒಂದು ಚಳಿಗಾಲ ಪೂರ್ತಿ ಅದು ಹಾಗೆ ನಡೆಯಬಹುದಿತ್ತು.

ನನಗೆ ಹೂವಿನ ಮೇಲೆ ನಂಬಿಕೆ ಹೋಗಿಲ್ಲ. ಹೀಟ್ ಪಂಪಿನ ಗಾಳಿಯೋ, ದೇವರ ಮನಸ್ಸೋ, ಅದನ್ನು ಇನ್ನು ಕೆದಕುವುದಿಲ್ಲ. ಆದರೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮೂರು ಬೀದಿ ನಡೆದರೆ ಸಿಗುವ ಉತ್ತರವನ್ನು ದೇವರ ಹತ್ತಿರ ಕೇಳುವುದು ಭಕ್ತಿಯಲ್ಲ, ನಡೆಯುವುದಕ್ಕೆ ಸೋಮಾರಿತನ. ಇನ್ನೊಬ್ಬರ ನಿಯಮಕ್ಕೆ ದೂರದಿಂದ ಕೈಮುಗಿದರೆ ಗೌರವ ಕೊಟ್ಟ ಹಾಗೆ ಆಗುವುದಿಲ್ಲ. ಅದು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಅವರ ಮನೆಯ ಕುರ್ಚಿಯಲ್ಲಿ ಕೂತು ಕೇಳಬೇಕು. ಇದನ್ನು ಕಲಿತ ಹೊತ್ತಿಗೆ, ಕಲಿತದ್ದನ್ನು ಉಪಯೋಗಿಸಲು ನನ್ನ ಬಳಿ ತಂಡವೇ ಇರಲಿಲ್ಲ.

ನಾವು ಬಿಟ್ಟುಬಂದ ಹಳೆಯ ಲೀಗು ಐದು ತಂಡಗಳಿಂದ ನಾಲ್ಕಕ್ಕೆ ಇಳಿದು ಮುಂದಿನ ವರ್ಷ ನಡೆಯಲಿಲ್ಲ. ಬಸವರಾಜ್ ಈಗಲೂ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತಾರೆ. ಹಾಕಿಯ ಮಾತು ಇಬ್ಬರೂ ಎತ್ತುವುದಿಲ್ಲ. ಲೋಸೆ ಸಿಕ್ಕಾಗ ಅಪ್ಪಿಕೊಳ್ಳುತ್ತಾರೆ. ಅದಕ್ಕೆ ಪ್ರತಿ ಸಲವೂ ಒಂದು ಬೆರಳು ಮಡಿಸುತ್ತೇನೆ. ಮೆಲೆ ಮತ್ತೆ ಹಾಕಿ ಕೋಲು ಹಿಡಿಯಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಲೀಗಿನವರ ಫಾರಂ ನನ್ನ ಇಮೇಲಿಗೆ ಬಂತು. ಪಟ್ಟಿಯಿಂದ ನನ್ನ ಹೆಸರು ತೆಗೆದಿರಲಿಲ್ಲ. ಅದೇ ನಾಲ್ಕು ಹೊತ್ತುಗಳು, ಅದೇ ಬೇಡಿಕೆಯ ಸಾಲು. ಸಂಜೆ ಆರೂವರೆಯ ಮುಂದಿನ ಚೌಕಕ್ಕೆ ಗುರುತು ಹಾಕಿ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಆಮೇಲೆ ಕೆಳಗೆ ಹೋಗಿ, ಈ ವರ್ಷ ತಂಡ ಇಲ್ಲ ಎಂಬುದನ್ನು ಒತ್ತಿದೆ. ಒತ್ತಿದ ಕೂಡಲೇ ಫಾರಮ್ಮಿನ ಮೇಲ್ಭಾಗವೆಲ್ಲ ಬೂದು ಬಣ್ಣಕ್ಕೆ ತಿರುಗಿತು, ನಾನು ಹಾಕಿದ ಗುರುತು ತಾನಾಗಿಯೇ ಅಳಿಸಿಹೋಯಿತು.